ಚನಬಸವ್ವನ ಮುಚ್ಚಿದ ಬುಟ್ಟಿ

ಚನಬಸವ್ವ ನಡೆಯುವಾಗ ನೆಲ ನೋಡುವುದಿಲ್ಲ. ವರ್ಷಗಟ್ಟಲೆ ಕಲ್ಲು ಹೊತ್ತ ಕತ್ತು ಬಾಗುವುದನ್ನು ಮರೆತಿದೆ. ದಾರಿಯ ಉಬ್ಬುತಗ್ಗುಗಳನ್ನು ಅವಳ ಪಾದಗಳೇ ತಡವಿ ತಿಳಿದುಕೊಳ್ಳುತ್ತವೆ. ಮರಾಠಿ ನಾಡಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ ಎಂಬ ಹೆಸರಿನದೇ ಒಂದು ತಾಲ್ಲೂಕು ಪಟ್ಟಣವಿದೆ. ಅದರ ಹೊರವಲಯದಲ್ಲಿ, ಅಭಯಾರಣ್ಯದ ಗುಡ್ಡಗಳು ಏಳತೊಡಗುವ ಕಡೆ, ತಗಡು ಹೊದಿಸಿದ ಎರಡು ಕೋಣೆಗಳಲ್ಲಿ ಅವಳೂ ಗಂಡ ಗೊಲ್ಲಾಳಪ್ಪನೂ ವಾಸವಾಗಿದ್ದಾರೆ. ಮೂಲ ಸಿಂದಗಿ ತಾಲ್ಲೂಕು. ಕೇಳಿದವರಿಗೆ ಅಷ್ಟೇ ಹೇಳುತ್ತಾಳೆ, ಹಳ್ಳಿಯ ಹೆಸರು ಹೇಳುವುದಿಲ್ಲ. "ಹೇಳಿದ್ರ ನಿಮಗೇನು ಗೊತ್ತಾಕ್ಕೈತಿ? ನನಗ ಈಗ ಅಲ್ಲಿ ಯಾರ ಗುರುತೂ ಇಲ್ಲ," ಎನ್ನುತ್ತಾಳೆ.

ಅವಳ ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಒಂದು ಹಳದಿ ಕಾರ್ಡು ತೂಗುತ್ತಿರುತ್ತದೆ. ಅಭಯಾರಣ್ಯದೊಳಗೆ ಚಾರಣಕ್ಕೆ ಬರುವ ಪ್ರತಿ ಗುಂಪಿನೊಂದಿಗೂ ಕಾರ್ಡು ಪಡೆದ ಸ್ಥಳೀಯರೊಬ್ಬರು ಇರಲೇಬೇಕು. ದಾರಿ ತೋರಿಸುವುದು, ಬಂದವರ ಚೀಲ ಹೊರುವುದು, ಬುತ್ತಿ ಕಟ್ಟಿ ತರುವುದು, ಹೊತ್ತು ಮುಳುಗುವ ಮೊದಲು ಎಲ್ಲರನ್ನೂ ಗೇಟಿನ ಹೊರಗೆ ತಂದುಬಿಡುವುದು ಅವರ ಕೆಲಸ. ಗೊಲ್ಲಾಳಪ್ಪನ ಮೊಣಕಾಲು ಹೋದ ಮೇಲೆ ಮನೆ ನಿಂತಿರುವುದು ಆ ಕಾರ್ಡಿನ ಮೇಲೆ. ಸ್ನಾನಕ್ಕೆ ಹೋಗುವಾಗ ಅದನ್ನು ಕೊರಳಿಂದ ತೆಗೆದು ದೇವರ ಜಗುಲಿಯಲ್ಲಿ, ವಿಭೂತಿ ಉಂಡೆಯ ಪಕ್ಕದಲ್ಲಿ ಇಡುತ್ತಾಳೆ.

ಗುಡ್ಡದಲ್ಲಿ ಮೂರು ಕೆರೆಗಳಿವೆ. ಕೆಳಗಿನದಕ್ಕೆ ಜೀಪು ಹೋಗುತ್ತದೆ. ನಡುವಿನದಕ್ಕೆ ತೇಗದ ಕಾಡಿನಲ್ಲಿ ಎರಡು ತಾಸು ಹತ್ತಬೇಕು. ಮೇಲಿನದು ಗುಡ್ಡದ ನೆತ್ತಿಯ ಕರಿಬಂಡೆಯ ಬಯಲಿನಲ್ಲಿದೆ. ಅಲ್ಲಿಗೆ ಇನ್ನೂ ಎರಡು ತಾಸು, ಅದರಲ್ಲಿ ಅರ್ಧ ದಾರಿ ಕೈಯೂರಿಯೇ ಏರಬೇಕು. ಸುತ್ತಲಿನವರು ಅದನ್ನು ಅಸ್ವಲ ತಳೆ ಎನ್ನುತ್ತಾರೆ, ಎಂದರೆ ಕರಡಿ ಕೆರೆ. ಏಪ್ರಿಲ್‌ನಲ್ಲಿ ಕೆಳಗೆಲ್ಲ ಒಣಗಿದಾಗಲೂ ಅಲ್ಲಿ ನೀರಿರುತ್ತದೆ. ಆ ನೀರನ್ನು ತಡೆದಿರುವುದು ಆಳೆತ್ತರದ ಒಂದು ಕಲ್ಲಿನ ಏರಿ. ಎರಡು ದಶಕಗಳ ಹಿಂದೆ ಹಳೆಯ ಏರಿ ಒಡೆದಾಗ, ಯಂತ್ರ ಹತ್ತದ ಆ ಜಾಗಕ್ಕೆ ಗುತ್ತಿಗೆದಾರನೊಬ್ಬ ಸಿಂದಗಿ ಕಡೆಯಿಂದ ಹದಿನಾಲ್ಕು ಜೋಡಿಗಳನ್ನು ಲಾರಿಯಲ್ಲಿ ತಂದಿದ್ದ. ಎರಡು ಚಳಿಗಾಲ ಅವರು ಮೇಲೆಯೇ ಗುಡಿಸಲು ಹಾಕಿಕೊಂಡಿದ್ದರು. ಗಂಡಸರು ಒಡೆದರು, ಹೆಂಗಸರು ಹೊತ್ತರು. ಈಗ ಗಂಗಾಪುರಕ್ಕೆ ಮದುವೆಯಾಗಿ ಹೋಗಿರುವ ಮಗಳು ಜಗದೇವಿ ಮೊದಲ ಹೆಜ್ಜೆ ಇಟ್ಟದ್ದು ಆ ಏರಿಯ ಮೇಲೆ. ಕೆಲಸ ಮುಗಿದ ಮೇಲೆ ಉಳಿದವರು ಪುಣೆ, ಗೋವಾ ಎಂದು ಚದುರಿಹೋದರು. ಇವರಿಬ್ಬರು ಹೋಗಲಿಲ್ಲ. ಯಾಕೆಂದು ಗೊಲ್ಲಾಳಪ್ಪನನ್ನು ಕೇಳಿದರೆ, "ಇಕೀನ ಕೇಳ್ರಿ," ಎಂದು ಹೆಂಡತಿಯ ಕಡೆ ಬೆರಳು ತೋರಿಸುತ್ತಾನೆ. ಅವಳನ್ನು ಕೇಳಿದರೆ ಅವಳು ಒಲೆಯ ಕಡೆ ತಿರುಗುತ್ತಾಳೆ.

ಇಂಥ ಹೆಂಗಸಿನ ಮೇಲೆ ಸುಧಾಕರನಿಗೆ ಅನುಮಾನ ಹುಟ್ಟಿತು.

ಸುಧಾಕರ ಉಡುಪಿ ಕಡೆಯವನು. ನಾಶಿಕದಲ್ಲಿ ಅವನದು ಅಪ್ಪನ ಕಾಲದ ಸಸ್ಯಾಹಾರಿ ಹೋಟೆಲು. ಭಾನುವಾರಗಳಂದು ಗುಡ್ಡ ಹತ್ತುವ ಎಂಟು ಗೆಳೆಯರ ಒಂದು ಗುಂಪು ಕಟ್ಟಿಕೊಂಡಿದ್ದ. ಚನಬಸವ್ವನ ಜೊತೆ ನಾಲ್ಕು ವರ್ಷಗಳಿಂದ ಪ್ರತಿ ಮಳೆಗಾಲದಲ್ಲೂ ನಡುವಿನ ಕೆರೆಯ ತನಕ ಬರುತ್ತಿದ್ದ. ಅನುಮಾನ ಅವನ ಕಸುಬಿನ ಭಾಗವೇ ಆಗಿತ್ತು. ಪ್ರತಿ ಬೆಳಿಗ್ಗೆ ಹಾಲಿನ ಕ್ಯಾನಿಗೆ ಬೆರಳದ್ದಿ ಉಗುರಿನ ಮೇಲೆ ಹನಿ ನಿಲ್ಲಿಸಿ ನೋಡದೆ ಒಳಗೆ ಬಿಡುತ್ತಿರಲಿಲ್ಲ. "ಇಪ್ಪತ್ತು ವರ್ಷದ ಪರಿಚಯದ ಹಾಲಿನವನಲ್ವಾ?" ಎಂದು ಯಾರಾದರೂ ನಕ್ಕರೆ, "ಅದಕ್ಕೇ ದಿನಾ ನೋಡುವುದು," ಎನ್ನುತ್ತಿದ್ದ.

ಕಳೆದ ವರ್ಷ ಅವನ ಮಗಳು ನಿಶ್ಮಿತಾಳ ಕಾಲೇಜಿಗೆ ಡಿಸೆಂಬರಿನಲ್ಲಿ ರಜೆ ಬಂತು. ಮೊದಲ ಸಲ ಚಳಿಗಾಲದಲ್ಲಿ ಬರುವುದೆಂದು ನಿಶ್ಚಯಿಸಿ ಸುಧಾಕರ ಫೋನು ಮಾಡಿದ. ದಿನ ಕೇಳಿದ ಚನಬಸವ್ವ, "ಅವತ್ತೊಂದಿನ ಆಗೂದಿಲ್ರಿ ಅಣ್ಣಾರ. ಅವತ್ತು ನಮಗ ಬ್ಯಾರೆ ಕೆಲಸ ಐತಿ," ಎಂದಳು. ಅವನು ಆ ದಿನದ ಮರುವಾರ ಬರುವುದೆಂದು ಸುಮ್ಮನಾದ.

ಹತ್ತು ದಿನದ ನಂತರ ಅವಳೇ ಫೋನು ಮಾಡಿದಳು. ಮಿಸ್ಡ್ ಕಾಲ್ ಬಿಟ್ಟರೆ ಎಂದೂ ತಾನಾಗಿ ಕರೆ ಮಾಡಿದವಳಲ್ಲ.

"ಅಣ್ಣಾರ, ನೀವು ಮೊದಲ ಹೇಳಿದ್ದ ದಿನಾನ ಬರ್ರಿ. ಮ್ಯಾಲಿನ ಅಸ್ವಲ ತಳೇಕ ಹೋಗೂಣು."

"ಮೇಲಿನದ್ದಾ? ಅಲ್ಲಿ ಕರಡಿ ಉಂಟು, ಬೇಡ ಅಂತ ನೀವೇ ಹೇಳಿದ್ದಲ್ವಾ?"

"ಎಂಟು ಮಂದಿ ಇದ್ರ ಕರಡಿ ಏನೂ ಮಾಡೂದಿಲ್ರಿ. ಪರ್ಮಿಷನ್‌ದಾಗ ಮ್ಯಾಲಿನ ತಳೆ ಅಂತನ ಬರಸ್ರಿ. ಮರೀಬ್ಯಾಡ್ರಿ."

ನಾಲ್ಕು ವರ್ಷ ಬೇಡ ಬೇಡವೆಂದ ಜಾಗಕ್ಕೆ ಈಗ ತಾನೇ ಕರೆಯುತ್ತಿದ್ದಾಳೆ. ಅದೂ ತಾನೇ ಆಗುವುದಿಲ್ಲವೆಂದ ದಿನಕ್ಕೆ. ಸುಧಾಕರ ಅನುಮತಿ ಪಡೆದ, ಆದರೆ ವಿಷಯವನ್ನು ಮನಸ್ಸಿನಿಂದ ತೆಗೆದುಹಾಕಲಿಲ್ಲ.

ಗೇಟಿನಲ್ಲಿ ಅದಕ್ಕೆ ಇನ್ನೊಂದು ಎಳೆ ಸೇರಿತು. ವನರಕ್ಷಕ ಸೋನವಣೆ ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಯಾವಾಗಲೂ ಬರಿದೆ ಕೈ ಬೀಸಿ ಕಳಿಸುತ್ತಿದ್ದವನು ಆ ದಿನ ಎಲ್ಲರ ಚೀಲಗಳನ್ನೂ ಬಿಚ್ಚಿಸಿದ. ಹದಿನೈದು ದಿನದ ಹಿಂದೆ ನಡುವಿನ ಕೆರೆಯ ಬಳಿ ಒಂದು ಕತ್ತೆಕಿರುಬ ಸತ್ತುಬಿದ್ದಿತ್ತು ಎಂದು ಮರಾಠಿಯಲ್ಲಿ ತಿಳಿಸಿದ. ಬಾಯಲ್ಲಿ ನೊರೆ ಇತ್ತಂತೆ. ಯಾರೋ ಹಿಟ್ಟಿನ ಉಂಡೆಯಲ್ಲಿ ವಿಷವಿಟ್ಟಿರಬಹುದೆಂದು ಮೇಲಧಿಕಾರಿಗಳ ಗುಮಾನಿ. ಅಂದಿನಿಂದ ಒಂಟಿಯಾಗಿ ಯಾರನ್ನೂ, ಕಾರ್ಡು ಇದ್ದವರನ್ನು ಕೂಡ ಮೇಲೆ ಬಿಡುತ್ತಿಲ್ಲ. ಅನುಮತಿಯಿದ್ದ ಗುಂಪಿನ ಜೊತೆಗೆ ಮಾತ್ರ, ಅದೂ ತನ್ನ ಕಾವಲಿನಲ್ಲಿ.

"ತಿನ್ನುವ ವಸ್ತು ಒಂದು ಚೂರೂ ಕಾಡಿನಲ್ಲಿ ಬೀಳಬಾರದು, ಸಾಹೇಬ. ಎಲ್ಲಾದರೂ ಹಿಟ್ಟಿನ ಉಂಡೆ ಕಂಡರೆ ಮುಟ್ಟಬೇಡಿ, ನನ್ನನ್ನು ಕರೆಯಿರಿ."

ಬಿಸ್ಕತ್ತಿನ ಪೊಟ್ಟಣಗಳನ್ನೂ ಬಿಡದೆ ನೋಡಿದ ಸೋನವಣೆ ಚನಬಸವ್ವನ ಬುಟ್ಟಿಯನ್ನು ನೋಡಲಿಲ್ಲ. "ಮಾವಶಿ ನಮ್ಮವರೇ," ಎಂದು, ಚಿಕ್ಕಮ್ಮನಿಗೆ ಹೇಳುವ ಮರಾಠಿ ಮಾತಿನಲ್ಲೇ ಅವಳನ್ನು ಕರೆದು, ಗೇಟಿನ ಕೋಲು ಎತ್ತಿದ.

ಅವಳ ತಲೆಯ ಮೇಲಿದ್ದ ಆ ಬುಟ್ಟಿ ಬಿದಿರಿನದು, ಅಗಲ ಬಾಯಿಯದು. ಮೇಲೆ ಹೊಸ ಬಿಳಿ ಬಟ್ಟೆ ಬಿಗಿದು ಕಟ್ಟಿತ್ತು. ಗುಂಪಿನ ಬುತ್ತಿ ಎಂದಿನಂತೆ ಅವಳ ಬೆನ್ನ ಚೀಲದಲ್ಲಿತ್ತು. ಹಾಗಿದ್ದರೆ ಬುಟ್ಟಿಯಲ್ಲೇನು?

"ಎಂತ ಉಂಟು ಅದರಲ್ಲಿ, ಚನಬಸವ್ವ?" ಸುಧಾಕರ ಹತ್ತುತ್ತಲೇ ಕೇಳಿದ.

"ಬುತ್ತಿರಿ."

"ಬುತ್ತಿ ಬೆನ್ನ ಮೇಲೆ ಉಂಟಲ್ಲ?"

"ಇದು ಬ್ಯಾರೆ ಬುತ್ತಿ."

"ತೋರಿಸಿ ನೋಡುವ."

"ಈಗ ತಗಿಯಾಂಗಿಲ್ರಿ," ಎಂದವಳು ಹೆಜ್ಜೆ ಚುರುಕು ಮಾಡಿದಳು.

ಡಿಸೆಂಬರಿನ ಕಾಡು ಅವನು ಕಂಡ ಮಳೆಗಾಲದ ಕಾಡಾಗಿರಲಿಲ್ಲ. ಹುಲ್ಲು ಹಳದಿಯಾಗಿ ಮೊಣಕಾಲಿಗೆ ಕೊಯ್ಯುತ್ತಿತ್ತು. ಒಣಗಿದ ತೇಗದ ಎಲೆಗಳ ಮೇಲೆ ಪ್ರತಿ ಹೆಜ್ಜೆಯೂ ಸದ್ದು ಮಾಡಿ ತನ್ನನ್ನು ತಾನೇ ಹಿಡಿದುಕೊಡುತ್ತಿತ್ತು. ಚನಬಸವ್ವನ ಹೆಜ್ಜೆಗೆ ಮಾತ್ರ ಸದ್ದಿರಲಿಲ್ಲ. ದಣಿವಾರಿಸಿಕೊಳ್ಳಲು ಎಲ್ಲರೂ ಕುಳಿತಾಗ ಅವಳು ನಿಂತೇ ಇದ್ದಳು. ಬುಟ್ಟಿಯನ್ನು ಒಮ್ಮೆಯೂ ನೆಲಕ್ಕಿಳಿಸಲಿಲ್ಲ. ನಾಶಿಕದಲ್ಲಿ ಬೆಳೆದ ನಿಶ್ಮಿತಾ ಮರಾಠಿ ಬೆರೆಸಿ, "ಮಾವಶಿ, ದ್ಯಾ ನಾ, ನಾನು ಸ್ವಲ್ಪ ಹಿಡ್ಕೊತೀನಿ," ಎಂದು ಕೈ ಚಾಚಿದಾಗ ಒಂದು ಹೆಜ್ಜೆ ಹಿಂದೆ ಸರಿದಳು.

"ನೀ ಮುಟ್ಟಬ್ಯಾಡವಾ. ಜಳಕಾ ಮಾಡೀಯೇನು ಮುಂಜಾನೆ?"

"ಇಷ್ಟು ಥಂಡಿಯಲ್ಲಿ ಸ್ನಾನನಾ?" ಎಂದು ಹುಡುಗಿ ನಕ್ಕಳು.

ಸುಧಾಕರ ನಗಲಿಲ್ಲ. ಅವನಿಗೆ ತನ್ನ ಉಗ್ರಾಣ ನೆನಪಾಗುತ್ತಿತ್ತು. ಇಲಿಗಳ ಕಾಟ ಹೆಚ್ಚಾದಾಗ ಅವನು ತಾನೇ ಬಾಗಿಲು ಹಾಕಿಕೊಂಡು ಬೆಲ್ಲದ ಹಿಟ್ಟಿನ ಉಂಡೆ ಕಟ್ಟಿ, ನಡುವೆ ಪಾಷಾಣವಿಟ್ಟು, ಮೂಟೆಗಳ ಸಂದಿಗೆ ಎಸೆಯುತ್ತಿದ್ದ. ಆ ತಟ್ಟೆಯ ಮೇಲೂ ಬಟ್ಟೆ ಮುಚ್ಚುತ್ತಿದ್ದ. ಯಾರೂ ಮುಟ್ಟದಂತೆ, ಕೆಲಸದವರು ಅರಿಯದೆ ಬಾಯಿಗೆ ಹಾಕಿಕೊಳ್ಳದಂತೆ ತಲೆಯ ಮೇಲೆತ್ತಿ ಒಯ್ಯುತ್ತಿದ್ದ. ಮುಂದೆ ಹೋಗುತ್ತಿದ್ದ ಬಿಳಿಬಟ್ಟೆಯ ಬುಟ್ಟಿಯನ್ನು ನೋಡಿದಷ್ಟೂ ಅವನಿಗೆ ತನ್ನ ಕೈಗಳೇ ಕಾಣತೊಡಗಿದವು.

ನಡುವಿನ ಕೆರೆ ಬಂತು. ಪ್ರತಿ ವರ್ಷ ಇಲ್ಲಿ ಮುಖ ತೊಳೆದು ಅರ್ಧ ತಾಸು ಕೂರುವ ಚನಬಸವ್ವ, ಸೋನವಣೆ ಕಿರುಬ ಬಿದ್ದಿದ್ದ ಜಾಗ ತೋರಿಸುತ್ತಿದ್ದರೆ ಆ ಕಡೆ ತಿರುಗಿಯೂ ನೋಡದೆ ಮೇಲಿನ ದಾರಿ ಹಿಡಿದಳು.

"ಏನ್ ಮಾವಶಿ, ಇಷ್ಟು ಗಡಿಬಿಡಿ?" ಸೋನವಣೆ ಮರಾಠಿಯಲ್ಲಿ ಕೂಗಿದ.

"ನಡು ಮಧ್ಯಾಹ್ನದೊಳಗ ಮುಟ್ಟಬೇಕು," ಎಂದು ಅವಳೂ ಮರಾಠಿಯಲ್ಲೇ ಹೇಳಿ ಬಂಡೆಗಳ ನಡುವೆ ಮರೆಯಾದಳು.

ಸುಧಾಕರ ಮಗಳ ಕಿವಿಯಲ್ಲಿ, "ನೋಡು, ಅವಳಿಗೆ ಇಂಥದೇ ಹೊತ್ತು ಯಾಕೆ ಬೇಕು? ಇವತ್ತೇ ಯಾಕೆ?" ಎಂದ.

"ಪಪ್ಪಾ, ನೀವು ಎಲ್ಲರ ಮೇಲೂ ಶಕ್ ಮಾಡ್ತೀರಿ. ನಿನ್ನೆ ನನ್ನ ಬಿಸ್ಕಿಟ್ ಸುದ್ಧಾ ಸ್ಮೆಲ್ ಮಾಡಿ ನೋಡಿದ್ರಿ."

"ಅದು ಹಳೆಯದ್ದಿತ್ತು."

"ತೇಚ್. ಅದೇ ಹೇಳ್ತಿದೀನಿ."

ಮೇಲಕ್ಕೆ ಹೋಗುತ್ತ ಕಾಡು ತೆಳುವಾಯಿತು. ಕೊನೆಯ ಏರು ಬರಿಯ ಕರಿಬಂಡೆ. ಕೈಗೆ ಸಿಗುವ ಪ್ರತಿ ಕುಳಿಯೂ ಬಿಸಿಲಿಗೆ ಕಾದಿತ್ತು. ಆ ಏರು ಮುಗಿದಾಗ ಒಮ್ಮೆಗೇ ಆಕಾಶ ಅಗಲವಾಗಿ, ಎದುರಿಗೆ ಅಸ್ವಲ ತಳೆ ಕಂಡಿತು. ನೀರು ಕದಲುತ್ತಿರಲಿಲ್ಲ. ಒಂದು ಮಗ್ಗುಲಲ್ಲಿ ಕಲ್ಲಿನ ಏರಿ, ಇನ್ನೊಂದು ಮಗ್ಗುಲಲ್ಲಿ ಕಾರೆಗಿಡಗಳ ಪೊದೆ, ಅದರಾಚೆ ಕಣಿವೆ. ಕೆಸರಿನಲ್ಲಿ ಅಂಗೈಯಗಲದ ಹೆಜ್ಜೆಗುರುತುಗಳಿದ್ದವು. ಗುಂಪಿನವರು ಮಾತು ನಿಲ್ಲಿಸಿ ಏರಿಯ ಮೇಲೆ ಸಾಲಾಗಿ ಕುಳಿತರು. ಅವರನ್ನು ಎಣಿಸಿ ನೋಡಿದ ಸುಧಾಕರನಿಗೆ ಒಬ್ಬರು ಕಡಿಮೆ ಕಂಡರು.

ಚನಬಸವ್ವ ಇರಲಿಲ್ಲ.

ಅವನು ಬೂಟು ಕಳಚಿ, ಸದ್ದಾಗದಂತೆ ಏರಿಯ ತುದಿಯವರೆಗೆ ಹೋದ. ನಿಶ್ಮಿತಾ ಬೈದುಕೊಳ್ಳುತ್ತಲೇ ಹಿಂಬಾಲಿಸಿದಳು. ಪೊದೆಗಳಾಚೆ ಚನಬಸವ್ವ ಕಾಣಿಸಿದಳು. ಸೆರಗನ್ನು ತಲೆಯ ಮೇಲೆ ಹೊದ್ದಿದ್ದಳು. ಚಪ್ಪಲಿ ಇರಲಿಲ್ಲ. ಎಡಗೈಯ ಕಂಕುಳಲ್ಲಿ ಬುಟ್ಟಿ. ಬಲಗೈಯಿಂದ ಏನನ್ನೋ ತೆಗೆದು ನೀರಿನ ಅಂಚಿಗೊಂದು, ಪೊದೆಯ ಬುಡಕ್ಕೊಂದು, ಕಲ್ಲಿನ ಸಂದಿಗೊಂದು ಎಸೆಯುತ್ತಿದ್ದಳು. ಎಸೆದಾಗಲೆಲ್ಲ ತುಟಿ ಅಲುಗುತ್ತಿತ್ತು. ನಡುನಡುವೆ ಏರಿಯ ಕಡೆ ತಿರುಗಿ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕುತ್ತಿಗೆ ಚಾಚುತ್ತಿದ್ದಳು.

ಅವಳು ಮುಂದೆ ಸರಿದಾಗ ಸುಧಾಕರ ಬಗ್ಗಿ ಒಂದನ್ನು ಕರವಸ್ತ್ರದಲ್ಲಿ ಎತ್ತಿಕೊಂಡ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಬೂದು ಬಣ್ಣ. ಹಿಟ್ಟಿನ ಉಂಡೆ.

"ಸೋನವಣೆ!" ಎಂದು ಅವನು ಕೂಗಿದ ಸದ್ದಿಗೆ ನೀರಂಚಿನ ಹಕ್ಕಿಗಳು ಎದ್ದುಹೋದವು.

ಐದು ನಿಮಿಷದಲ್ಲಿ ಎಲ್ಲರೂ ಏರಿಯ ಬುಡದಲ್ಲಿ ಸುತ್ತುಗಟ್ಟಿದ್ದರು. ಸೋನವಣೆ ಪೊದೆಗಳಲ್ಲಿ ತಡಕಾಡಿ ಇನ್ನೂ ನಾಲ್ಕು ಉಂಡೆ ಹುಡುಕಿ ತಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ. ಅವನ ಮುಖದಲ್ಲಿ ಕೋಪಕ್ಕಿಂತ ಅವಮಾನ ಹೆಚ್ಚಿತ್ತು. ನಮ್ಮವರೇ ಎಂದು ಗೇಟು ಎತ್ತಿದವನು ಅವನು.

"ಮಾವಶಿ, ಏನಿದು?"

"ಚರಗಾ," ಎಂದಳು ಚನಬಸವ್ವ.

ಸೋನವಣೆ ಸುಧಾಕರನ ಮುಖ ನೋಡಿದ. ನೀವೂ ಕನ್ನಡದವರಲ್ಲವೇ, ಏನು ಹೇಳುತ್ತಿದ್ದಾಳೆ ಎಂಬಂತೆ. ಸುಧಾಕರ ಭುಜ ಹಾರಿಸಿದ. ಕರಾವಳಿಯ ಅವನ ಮನೆಯಲ್ಲಿ, ಅಜ್ಜಿಯ ಬಾಯಲ್ಲಿ ಕೂಡ, ಆ ಮಾತು ಕೇಳಿದ್ದಿಲ್ಲ.

"ಗೊತ್ತಿಲ್ಲ ನನಗೆ. ನಮ್ಮ ಕಡೆ ಅಂಥದ್ದು ಎಂತದೂ ಇಲ್ಲ."

ಚನಬಸವ್ವ ಅವನನ್ನೇ ದಿಟ್ಟಿಸಿದಳು. ಮರಾಠಿಯವನಿಗೆ ಗೊತ್ತಿಲ್ಲದಿರುವುದು ಅವಳಿಗೆ ಸಹಜವಾಗಿತ್ತು. ಇವನಿಗೂ ಗೊತ್ತಿಲ್ಲವೆಂಬುದನ್ನು ಅವಳು ನಂಬಲಿಲ್ಲ. ತನ್ನನ್ನು ಸಿಕ್ಕಿಸಲೆಂದೇ ಸುಳ್ಳು ಹೇಳುತ್ತಿದ್ದಾನೆಂದು ತಿಳಿದಳು.

"ಎಳ್ಳಮಾಸಿ ಗೊತ್ತಿಲ್ಲ? ಕನ್ನಡದಾಗ ಮಾತಾಡ್ತೀರಿ, ಎಳ್ಳಮಾಸಿ ಗೊತ್ತಿಲ್ಲ ಅಂತೀರಿ?"

ಆಮೇಲೆ ಅವಳು ನಿಶ್ಮಿತಾಳ ಕಡೆ ತಿರುಗಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದಳು. ಹುಡುಗಿ ಅದನ್ನು ಸೋನವಣೆಗೆ ಮುಟ್ಟಿಸಿದಳು. ಎಳ್ಳು ಅಮಾವಾಸ್ಯೆಯ ದಿನ ಅವರ ಕಡೆ ಎಲ್ಲರೂ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬೆಳೆ ಹೊತ್ತ ಭೂಮಿ ಬಸುರಿಯಂತೆ, ಅವಳಿಗೆ ಬಯಕೆಯೂಟ ಕೊಡಬೇಕು. ಸಜ್ಜೆ ಹಿಟ್ಟಿನ ಉಂಡೆಯಂಥ ಕಡಬು, ಭಜ್ಜಿಪಲ್ಯ, ಅಂಬಲಿ ಎಲ್ಲವನ್ನೂ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಅದೇ ಚರಗ. ಚೆಲ್ಲುವ ತನಕ ಯಾರೂ ಬಾಯಿಗೆ ಹಾಕಬಾರದು, ಬುಟ್ಟಿ ನೆಲಕ್ಕೆ ತಾಗಬಾರದು.

"ಆದರೆ ಇದು ಹೊಲವಲ್ಲವಲ್ಲ, ಮಾವಶಿ," ಎಂದ ಸೋನವಣೆ.

ಅವಳು ಏರಿಯ ಕಲ್ಲೊಂದರ ಮೇಲೆ ಅಂಗೈಯಿಟ್ಟಳು. "ನಮಗ ಹೊಲಾ ಎಲ್ಲಿಂದ ಬರಬೇಕು? ಮೊದಲ ವರ್ಷ ಇಲ್ಲಿ ಎಳ್ಳಮಾಸಿ ಬಂದಾಗ ನಮ್ಮ ಮನಿಯವರೂ ಇದನ್ನ ಅಂದಿದ್ರು, ಹೊಲಾ ಇಲ್ದವರು ಎಲ್ಲಿ ಚರಗಾ ಚೆಲ್ಲೂದು ಅಂತ. ನಾ ಅಂದೆ, ನಾವು ಹೊತ್ತ ಕಲ್ಲು ಐತಲ್ಲ. ಈ ಕಲ್ಲು ನೀರು ಹೊತ್ತೈತಿ. ಇದೂ ಬಸರಿನ. ಅವತ್ತಿಂದ ಒಂದು ವರ್ಷಾನೂ ತಪ್ಪಿಸಿಲ್ಲ. ಈ ವರ್ಷ ನೀವು ಒಬ್ಬಾಕಿನ್ನ ಬಿಡೂದಿಲ್ಲ ಅಂದ್ರಿ. ಅದಕ್ಕ ಇವರನ್ನ ಕರದೆ."

"ಗೇಟಿನಲ್ಲಿ ಯಾಕೆ ಹೇಳಲಿಲ್ಲ?"

"ಹೇಳಿದ್ರ ಬಿಡ್ತಿದ್ರೇನು?"

ಅದು ಸೋನವಣೆಗೂ ಗೊತ್ತಿತ್ತು. ಬಿಡುತ್ತಿರಲಿಲ್ಲ.

ಅವಳು ಚೆಲ್ಲಿದ ಮೇಲೆ ಬುಟ್ಟಿಯಲ್ಲಿ ಉಳಿದಿದ್ದ ಕಡಬೊಂದನ್ನು ಮುರಿದು, ಎಲ್ಲರಿಗೂ ಕಾಣುವಂತೆ ಬಾಯಿಗೆ ಹಾಕಿಕೊಂಡು ಅಗಿದು ನುಂಗಿದಳು. "ನೋಡ್ರಿ. ಸತ್ತೆನೇನು?"

ಗುಂಪಿನಲ್ಲಿ ಒಬ್ಬಿಬ್ಬರು ನಿಟ್ಟುಸಿರು ಬಿಟ್ಟರು. ಆದರೆ ಸೋನವಣೆ ತಲೆಯಾಡಿಸಿದ. ಒಮ್ಮೆ ನಂಬಿ ಬೇಸ್ತು ಬಿದ್ದವನು ಎರಡನೆಯ ಸಲ ಸುಲಭಕ್ಕೆ ನಂಬಲಾರ. "ಬುಟ್ಟಿಯದು ಒಳ್ಳೆಯದೇ ಇರಬಹುದು, ಮಾವಶಿ. ಪೊದೆಗೆ ಎಸೆದದ್ದು ಬೇರೆ ಇರಬಹುದು. ಇದನ್ನು ತಿಂದು ತೋರಿಸಿ." ಪ್ಲಾಸ್ಟಿಕ್ ಚೀಲವನ್ನು ಅವಳ ಮುಂದೆ ಹಿಡಿದ.

ಚನಬಸವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

"ಅದನ್ನ ತಿನ್ನಾಂಗಿಲ್ಲ."

"ಯಾಕೆ?"

"ಚೆಲ್ಲಿದ್ದು ಭೂಮಿತಾಯಿದು. ಕೊಟ್ಟಿದ್ದನ್ನ ಹೊಳ್ಳಿ ಬಾಯಾಗ ಹಾಕ್ಕೊಂಡ್ರ ಏನುಳೀತು?"

"ಹಾಗಾದರೆ ಇದು ತಪಾಸಣೆಗೆ ಹೋಗುತ್ತದೆ. ವರದಿ ಬರುವ ತನಕ ಕಾರ್ಡು ನನ್ನ ಹತ್ತಿರ ಇರುತ್ತದೆ. ವರದಿ ಯಾವಾಗ ಬರುತ್ತದೋ ನನಗೂ ಗೊತ್ತಿಲ್ಲ."

ಅವಳ ಕೈ ಕೊರಳ ಕಾರ್ಡಿಗೆ ಹೋಯಿತು. ಕಾರ್ಡು ಹೋದರೆ ನಾಳೆಯಿಂದ ಮನೆಯಲ್ಲಿ ಏನು ಎಂಬುದು ಅವಳಿಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಆಮೇಲೆ ಸೆರಗು ಸರಿಸಿ, ಕರಿದಾರವನ್ನು ತಲೆಯ ಮೇಲಿಂದ ತೆಗೆದು, ಕಾರ್ಡನ್ನು ಸೋನವಣೆಯ ಕೈಯಲ್ಲಿಟ್ಟಳು. "ತಿನ್ರಿ ಅಂದ್ರ ತಿನ್ನಾಕಿ ಅಲ್ಲ ನಾ," ಎಂದು ಬುಟ್ಟಿಯ ಬಟ್ಟೆ ಮಡಿಚತೊಡಗಿದಳು.

ಸುಧಾಕರನಿಗೆ ಈ ನಿರಾಕರಣೆಯೇ ತನ್ನ ಅನುಮಾನಕ್ಕೆ ಸಾಕ್ಷಿಯಾಗಿ ಕಾಣಬೇಕಿತ್ತು. ಅರೆಗಳಿಗೆ ಹಾಗೆ ಕಂಡಿತು ಕೂಡ. ಅಭ್ಯಾಸಬಲದಿಂದ ಅವನು ಕರವಸ್ತ್ರ ಬಿಚ್ಚಿ, ಎತ್ತಿಕೊಂಡಿದ್ದ ಉಂಡೆಯನ್ನು ಬೆರಳ ತುದಿಯಲ್ಲಿ ತಿರುಗಿಸಿದ. ಸಜ್ಜೆಯ ಹಿಟ್ಟು, ಹೊಸದಾಗಿ ಬೀಸಿದ್ದು. ಹಳೆಯದಾಗಿದ್ದರೆ ಕಹಿ ವಾಸನೆ ಬರುತ್ತಿತ್ತು. ಹಬೆಯಲ್ಲಿ ಬೇಯಿಸಿದೆ. ನಡುವೆ ಹೆಬ್ಬೆರಳಿನ ಕುಳಿ, ಅಂಚೆಲ್ಲ ಒಂದೇ ಸಮ. ಮುರಿದು ಮೂಗಿಗೆ ಹಿಡಿದ. ಎಳ್ಳು. ಹಸಿ ಎಳ್ಳಲ್ಲ, ಸಣ್ಣ ಉರಿಯಲ್ಲಿ, ಒಂದೂ ಕರಕಲಾಗದಂತೆ ಹುರಿದದ್ದು. ಎಳ್ಳು ಹಾಗೆ ಹುರಿಯಲು ಒಲೆಯ ಮುಂದೆ ಕೈಬಿಡದೆ ಕೂರಬೇಕು. ಅವನ ಹೋಟೆಲಿನ ಭಟ್ಟರಿಗೆ ಹತ್ತು ಸಲ ಹೇಳಿದರೂ ಒಮ್ಮೆ ಸರಿ ಬರುತ್ತಿರಲಿಲ್ಲ. ಇಲಿಗೆ ಉಂಡೆ ಕಟ್ಟುವಾಗ ಅವನು ಎಂದೂ ಎಳ್ಳು ಹುರಿದಿರಲಿಲ್ಲ. ಅಂಚು ಸರಿಮಾಡಿರಲಿಲ್ಲ. ಆ ಹಿಟ್ಟನ್ನು ಬೇಗ ಬೇಗ, ಮುಖ ಆಚೆ ತಿರುಗಿಸಿ ಕಲಸಿದ್ದ.

ಅವನು ಉಂಡೆಯನ್ನು ಬಾಯಿಗೆ ಹಾಕಿಕೊಂಡ.

"ಪಪ್ಪಾ!" ಎಂದು ನಿಶ್ಮಿತಾ ಕಿರುಚಿ ಅವನ ಕೈ ಹಿಡಿದೆಳೆದಳು. ಸೋನವಣೆ, "ಸಾಹೇಬ, ಥೂ ಮಾಡಿ, ಥೂ ಮಾಡಿ!" ಎಂದು ನೀರಿ‍ನ ಬಾಟಲಿಯೊಂದಿಗೆ ಓಡಿಬಂದ. ಎಲ್ಲರಿಗಿಂತ ಜೋರಾಗಿ ಕೂಗಿದವಳು ಚನಬಸವ್ವ.

"ಅದು ನಿಮಗಲ್ರೀ! ಯಾರನ್ನ ಕೇಳಿ ತಿಂದ್ರಿ? ಭೂಮಿತಾಯಿ ಪಾಲು ಕಸಗೊಂಡು ತಿಂತಾರೇನ್ರಿ ಯಾರರೆ? ಹೋಟೆಲ್ ಇಟ್ಟೀರಿ, ಉಣ್ಣಾಕ ಏನೂ ಇರ್ಲಿಲ್ಲೇನು?"

ಸುಧಾಕರನ ಬಾಯಿ ತುಂಬಿತ್ತು. ಒಣ ಕಡಬು ಗಂಟಲಿಗೆ ಕಟ್ಟಿತು. ನುಂಗಿದ. ಎಲ್ಲರೂ ಅವನ ಬಾಯನ್ನೇ ನೋಡುತ್ತ ಏರಿಯ ಮೇಲೆ ಕುಳಿತರು. ಕಾಲು ತಾಸು ಕಾದರು. ನಿಶ್ಮಿತಾ ಎರಡು ನಿಮಿಷಕ್ಕೊಮ್ಮೆ, "ಪಪ್ಪಾ, ಹೊಟ್ಟೆ?" ಎಂದು ಕೇಳುತ್ತಿದ್ದಳು. ಅವನು ಕೊನೆಗೆ, "ಬೆಲ್ಲ ಸ್ವಲ್ಪ ಕಡಿಮೆ ಆಯಿತು," ಎಂದ. ಗುಂಪಿನಲ್ಲಿ ಯಾರೋ ನಕ್ಕುಬಿಟ್ಟರು. ಚನಬಸವ್ವ ನಗಲಿಲ್ಲ.

"ಭೂಮಿತಾಯಿಗೆ ಸಕ್ಕರಿ ಬ್ಯಾನಿ ಐತಿ ಅಂತ ಕಡಿಮಿ ಹಾಕೇನಿ," ಎಂದಳು, ಬೇರೆಲ್ಲೋ ನೋಡುತ್ತ.

ಮತ್ತೂ ಕಾಲು ತಾಸು ಕಳೆದ ಮೇಲೆ ಸೋನವಣೆ ಎದ್ದು, ಕಾರ್ಡನ್ನು ಅವಳ ಮುಂದೆ ಚಾಚಿದ. ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ.

"ವಿಷ ಇಲ್ಲ, ಒಪ್ಪಿದೆ," ಎಂದ ಅವನು. "ಆದರೂ ಕಾಡಿನಲ್ಲಿ ತಿನಿಸು ಬಿಟ್ಟರೆ ತಪ್ಪೇ, ಮಾವಶಿ. ಕರಡಿಗೆ ಎಳ್ಳು ಬೆಲ್ಲದ ರುಚಿ ಹತ್ತಿದರೆ ನಾಳೆ ಬುಟ್ಟಿ ಹೊತ್ತವರನ್ನು ಹುಡುಕಿಕೊಂಡು ಬರುತ್ತದೆ. ಚೆಲ್ಲಿದ್ದೆಲ್ಲ ಹೆಕ್ಕಬೇಕು. ಮುಂದಿನ ವರ್ಷ ಬುಟ್ಟಿ ಗೇಟಿನಲ್ಲಿ ಬಿಚ್ಚಬೇಕು. ಉಂಡೆ ಇದ್ದರೆ ಬಿಡುವುದಿಲ್ಲ."

ಇಪ್ಪತ್ತು ವರ್ಷದಲ್ಲಿ ಅವಳು ಕರಡಿಯ ಕಡೆಯಿಂದ ಇದನ್ನು ಯೋಚಿಸಿರಲಿಲ್ಲ. ಕೆಸರಿನ ಹೆಜ್ಜೆಗುರುತುಗಳನ್ನು ಒಮ್ಮೆ ನೋಡಿದಳು. ಅವು ಅವಳು ಉಂಡೆ ಎಸೆಯುವ ಪೊದೆಯವರೆಗೂ ಹೋಗಿದ್ದವು. ಕಾರ್ಡು ತೆಗೆದುಕೊಂಡು ಕೊರಳಿಗೆ ಹಾಕಿಕೊಂಡಳು. ಹೆಕ್ಕಲು ಮಾತ್ರ ಬಗ್ಗಲಿಲ್ಲ. ಪೊದೆಗಳ ಬುಡದಲ್ಲಿ ಮೊಣಕಾಲೂರಿ ಕಡಬು ಹುಡುಕಿ ತೆಗೆದವರು ನಿಶ್ಮಿತಾ ಮತ್ತು ಅವಳ ಅಪ್ಪ. ಅವನ ಎರಡೂ ಮುಂಗೈಗಳನ್ನು ಕಾರೆಮುಳ್ಳು ಗೀರಿತು. ಎಲ್ಲವನ್ನೂ ಚೀಲಕ್ಕೆ ಹಾಕಿ ಎದ್ದಾಗ ಚನಬಸವ್ವ ಬುಟ್ಟಿಯ ತಳದಿಂದ ಒಂದು ಸಣ್ಣ ಗಡಿಗೆ ತೆಗೆದಳು. ಅಂಬಲಿ. ಸೋನವಣೆಯ ಕಡೆ ನೋಡಿದಳು.

"ಇದಕ್ಕೇನಂತೈತಿ ನಿಮ್ಮ ಕಾಯ್ದೆ?"

ಸೋನವಣೆ ಟೋಪಿ ತೆಗೆದು ತಲೆ ಕೆರೆದುಕೊಂಡ. ಕಾಯ್ದೆಯಲ್ಲಿ ಅಂಬಲಿಯ ಮಾತು ಅವನಿಗೆ ನೆನಪಿಗೆ ಬರಲಿಲ್ಲ. "ಸಾವಕಾಶ, ಕಾಲು ಜಾರೀತು," ಎಂದ.

ಅವಳು ಏರಿಯ ಉದ್ದಕ್ಕೂ ನಡೆಯುತ್ತ, ಕಲ್ಲುಗಳ ಮೇಲೆ ಅಂಬಲಿ ಸುರಿದಳು. ಈ ಸಲ ಮೆಲ್ಲಗೆ ಗುಣುಗುಣಿಸಲಿಲ್ಲ. "ಹುಲ್ಲುಲ್ಲಿಗೋ... ಚಳ್ಳಂಬ್ರಿಗೋ..." ಎಂಬ ಚರಗದ ಕೂಗು ನೀರಿನ ಮೇಲೆ ಹಾಯ್ದು ಆಚೆ ಕಣಿವೆಗೆ ಇಳಿಯಿತು.

ಇಳಿಯುವಾಗ ಸುಧಾಕರ ಅವಳ ಹಿಂದೆಯೇ ಇದ್ದ. ಏನೋ ಹೇಳಬೇಕೆಂದು ಎರಡು ಸಲ ಗಂಟಲು ಸರಿಮಾಡಿಕೊಂಡ. ಅವಳು ತಿರುಗಲಿಲ್ಲ.

ಮನೆಯ ಕಟ್ಟೆಯ ಮೇಲೆ, ಸಂಜೆಯ ಬಿಸಿಲಿಗೆ ಮೊಣಕಾಲೊಡ್ಡಿ ಕುಳಿತಿದ್ದ ಗೊಲ್ಲಾಳಪ್ಪ ಪ್ರತಿ ವರ್ಷದ ಪ್ರಶ್ನೆಯನ್ನೇ ಕೇಳಿದ. "ನೀರು ಎಲ್ಲೀತನಾ ಐತಿ?"

ಚನಬಸವ್ವ ತನ್ನ ಸೊಂಟದ ಮೇಲೆ ಕೈಯಿಟ್ಟು ತೋರಿಸಿದಳು.

"ಭೇಷ್. ಚರಗಾ ಚೆಲ್ಲಿದ್ಯಾ?"

"ಚೆಲ್ಲಿದೆ," ಎಂದಳು. ಉಳಿದದ್ದನ್ನು ಹೇಳಲಿಲ್ಲ. ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಏನೋ ಮುಚ್ಚಿಡುತ್ತಿದ್ದಾಳೆಂದು ತಿಳಿದು, ಕೇಳದೆ ಬಿಟ್ಟ. ಕಿರುಬ ಏನು ತಿಂದು ಸತ್ತಿತೆಂಬುದು ಇಂದಿಗೂ ಗೊತ್ತಾಗಿಲ್ಲ.

ಈ ವರ್ಷವೂ ಎಳ್ಳು ಅಮಾವಾಸ್ಯೆಗೆ ಸುಧಾಕರ ಗುಂಪಿನೊಂದಿಗೆ ಬಂದ. ಅನುಮತಿಯಲ್ಲಿ ಮೇಲಿನ ತಳೆ ಎಂದು ತಾನೇ ಬರೆಸಿದ್ದ. ಗೇಟಿನಲ್ಲಿ ಸೋನವಣೆ ಬಾಯಿ ತೆರೆಯುವ ಮೊದಲೇ ಚನಬಸವ್ವ ಬಿಳಿಬಟ್ಟೆಯ ಗಂಟು ಬಿಚ್ಚಿ, ಬುಟ್ಟಿಯನ್ನು ಒಬ್ಬೊಬ್ಬರಿಗೂ ತೋರಿಸುತ್ತ ಬಂದಳು. ಒಳಗೆ ಒಂದು ಗಡಿಗೆ, ಬೇರೇನೂ ಇಲ್ಲ. ಸುಧಾಕರನ ಮುಂದೆ ನಿಂತಾಗ ಗಡಿಗೆಯ ಮುಚ್ಚಳ ತೆಗೆದು ಅವನ ಮೂಗಿನ ಹತ್ತಿರಕ್ಕೆ ಹಿಡಿದಳು.

"ಒಂದು ಗುಟುಕು ಕುಡದು ನೋಡ್ರಿ ಅಣ್ಣಾರ. ಆಮ್ಯಾಲ ಮ್ಯಾಲೆ ಹೋದ ಮ್ಯಾಲೆ ಸಂಶೇ ಬರೂದು ಬ್ಯಾಡ."

ಅಂಬಲಿಯ ಹುಳಿವಾಸನೆ ಬಂತು. ಅವನ ಬೆರಳು ರೂಢಿಯಂತೆ ಗಡಿಗೆಯ ಕಡೆ ಅರ್ಧ ಚಾಚಿತು. ಅವಳು ಆ ಬೆರಳನ್ನೇ ನೋಡುತ್ತಿದ್ದಳು.

ಸುಧಾಕರ ಕೈಯನ್ನು ಜೇಬಿಗೆ ಹಾಕಿಕೊಂಡ. "ಬೇಡ. ಚೆಲ್ಲುವ ತನಕ ಯಾರೂ ಬಾಯಿಗೆ ಹಾಕಬಾರದಲ್ಲ."

"ಜಳಕಾ ಮಾಡೀರೇನು?"

"ಮಾಡಿದ್ದೇನೆ. ತಣ್ಣೀರು."

ಚನಬಸವ್ವ ಮುಚ್ಚಳ ಮುಚ್ಚಿ, ಬಟ್ಟೆ ಬಿಗಿದು ಕಟ್ಟಿ, ಬುಟ್ಟಿಯನ್ನು ಅವನ ಕೈಗೆ ಕೊಟ್ಟಳು. "ಮೊದಲ ಏರಿನ ತನಕ ಹಿಡೀರಿ. ನೆಲಕ್ಕ ಇಡಬ್ಯಾಡ್ರಿ ಮತ್ತ," ಎಂದು, ಅವನ ಕೈಗಳ ಮೇಲೆ ಕಣ್ಣಿಡಲು ಈ ಸಲ ಅವನ ಹಿಂದೆ ನಡೆದಳು.